ಬೇಸಿಗೆಯ ಆಟಕ್ಕೆ ಕೂಗಿದ ಸವಾಲು

ಹೋಳಿ ಹುಣ್ಣಿಮೆ ಕಳೆದು, ನಮ್ಮ ಬ್ರಹ್ಮಪುರದಲ್ಲಿ ಶ್ರೀ ಶರಣಬಸವೇಶ್ವರರ ತೇರು ಎಳೆದಾದ ಮೇಲೆ ಕಲಬುರಗಿಯ ಬಿಸಿಲಿಗೆ ತಡೆಯೆಂಬುದಿಲ್ಲ. ಉಷ್ಣಮಾನ 40 ಡಿಗ್ರಿಯನ್ನು ದಾಟಿದ ದಿನಗಳಲ್ಲಿ ಮಧ್ಯಾಹ್ನದ ಓಣಿಗಳು ಬಿಕೋ ಎನ್ನುತ್ತವೆ. ಸಂಜೆ ಹೊತ್ತು ಮುಳುಗಿ, ಅಂಗಳಕ್ಕೆ ನೀರು ಚಿಮುಕಿಸಿ, ಮನೆಯವರು ಕಟ್ಟೆಯ ಮೇಲೆ ಕುಳಿತ ಹೊತ್ತಿಗೆ ಒಂದೊಂದು ಮನೆಯ ಕಿಟಕಿಯಿಂದಲೂ ಒಂದೇ ಬಗೆಯ ಸದ್ದು ಹೊರಡುತ್ತದೆ. ಸಾವಿರಾರು ಜನ ಒಮ್ಮೆಲೇ ಕೂಗಿದ ಸದ್ದು. ಹೊಸಬರು ಎಲ್ಲೋ ಗಲಾಟೆಯಾಯಿತೆಂದು ಗಾಬರಿಯಾದಾರು. ಓಣಿಯವರಿಗೆ ಗೊತ್ತು, ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಯಾರೋ ಚೆಂಡನ್ನು ಗೆರೆಯಾಚೆ ಬಾರಿಸಿದ್ದಾರೆ, ಅಷ್ಟೆ.

ಈ ಸದ್ದು ನಮ್ಮ ಮನೆಯೊಳಗೆ ಬರಬೇಕಾದರೆ ಅದನ್ನು ಯಾರೋ ಮಾರಿರಬೇಕು, ಯಾರೋ ಕೊಂಡಿರಬೇಕು. ಕೊಂಡವರು ಕೊಟ್ಟ ಬೆಲೆಯನ್ನು ಕೊನೆಗೆ ಯಾರೋ ತುಂಬಬೇಕು. ಆ 'ಯಾರೋ' ಎಂಬಲ್ಲಿ ನಾವೂ ನೀವೂ ಸೇರಿದ್ದೇವೆ. ಪ್ರತಿ ಬೇಸಿಗೆಯಲ್ಲಿ ಕೇಬಲ್ಲಿನ ಹಣ, ಮೊಬೈಲಿನ ರಿಚಾರ್ಜು, ಆ್ಯಪಿನ ಚಂದಾ ಎಂದು ಮನೆಯ ಖರ್ಚಿನ ಪಟ್ಟಿ ಬೆಳೆಯುತ್ತಿರುವಾಗ ಇದರ ಹಿಂದಿನ ವ್ಯವಹಾರವನ್ನು ನಮ್ಮ ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ನಮಗೆ ತೋರಿತು.

ನಮ್ಮ ಜಿಲ್ಲೆಗೂ ಟಿ.ವಿ.ಗೂ ಇರುವ ನಂಟು ರಾಜಧಾನಿ ಬೆಂಗಳೂರಿಗಿಂತಲೂ ಹಳೆಯದು ಎಂದರೆ ಇಂದಿನ ಮಕ್ಕಳು ನಂಬಲಾರರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ 'ಸೈಟ್' ಎಂಬ ಪ್ರಯೋಗ ನಡೆಯಿತು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ. ಹಳ್ಳಿಯ ಶಾಲೆಯ ಅಥವಾ ಪಂಚಾಯ್ತಿಯ ಮುಂದೆ ತಂತಿಜಾಲರಿಯ ದೊಡ್ಡ ಬುಟ್ಟಿಯಂತಹ ಆ್ಯಂಟೆನಾ, ಒಳಗೆ ಊರಿಗೆಲ್ಲ ಒಂದೇ ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಒಕ್ಕಲುತನ, ಆರೋಗ್ಯ, ಒಂದಿಷ್ಟು ಹಾಡು ಕುಣಿತ. ಪ್ರಯೋಗ ಮುಗಿದ ಮರುವರ್ಷ, ಅಂದರೆ 1977ರಲ್ಲಿ, ಗುಲಬರ್ಗಾದಲ್ಲಿ ದೂರದರ್ಶನದ ಪ್ರಸಾರ ಕೇಂದ್ರವೇ ಆರಂಭವಾಯಿತು. ಬೆಂಗಳೂರಿಗೆ ಆ ಭಾಗ್ಯ ಬಂದದ್ದು 1981ರಲ್ಲಿ. ಹಿಂದುಳಿದ ನಾಡೆಂದು ಕರೆಸಿಕೊಂಡ ನಮಗೆ ಒಂದು ವಿಷಯದಲ್ಲಾದರೂ ಮೊದಲ ಪಂಕ್ತಿ ದೊರೆತಿತ್ತು ಎಂಬುದನ್ನು ಇಲ್ಲಿ ಕೊಂಚ ಅಭಿಮಾನದಿಂದಲೇ ನೆನೆಯುತ್ತೇವೆ. ಆ ಪೆಟ್ಟಿಗೆ ಊರಿನದು. ನೋಡಲು ಬಂದವರನ್ನು ಹಣ ಕೇಳಿದವರಿರಲಿಲ್ಲ.

ಆಟಗಳು ಆಗ ಟಿ.ವಿ.ಯ ವಸ್ತುವಾಗಿರಲಿಲ್ಲ, ರೇಡಿಯೊದ ವಸ್ತುವಾಗಿದ್ದವು. 1983ರ ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ಭಾರತ ವೆಸ್ಟ್ ಇಂಡೀಸನ್ನು 43 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಗೆದ್ದ ರಾತ್ರಿ ನಮ್ಮ ಓಣಿಯಲ್ಲಿ ಒಂದು ರೇಡಿಯೊದ ಸುತ್ತ ಹದಿನೈದು ಜನ ಕುಳಿತಿದ್ದೆವು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ನಮ್ಮ ರಾಜ್ಯದ ರೋಜರ್ ಬಿನ್ನಿ. ವಿಕೆಟ್ಟಿನ ಹಿಂದೆ ನಿಂತವರು ನಮ್ಮವರೇ ಆದ ಸೈಯದ್ ಕಿರ್ಮಾನಿ. ಅದಕ್ಕೆ ಒಂದು ವಾರ ಮೊದಲು ಜಿಂಬಾಬ್ವೆಯ ವಿರುದ್ಧ ತಂಡ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿದ್ದಾಗ ಕಪಿಲ್ ದೇವ್ ಔಟಾಗದೆ 175 ರನ್ ಹೊಡೆದರು. ಒಂಬತ್ತನೆಯ ವಿಕೆಟ್ಟಿಗೆ ಕಿರ್ಮಾನಿ ಅವರೊಡನೆ ಮುರಿಯದ 126 ರನ್ನುಗಳ ಜೊತೆಯಾಟ ಕಟ್ಟಿದರು. ಆ ಆಟದ ಟಿ.ವಿ. ಚಿತ್ರ ಇಂದು ಎಲ್ಲಿಯೂ ಇಲ್ಲ. ಬಿಬಿಸಿಯ ಕ್ಯಾಮರಾಗಳು ಅಂದು ಆ ಮೈದಾನದಲ್ಲಿರಲಿಲ್ಲ. ಒಬ್ಬನೇ ವ್ಯಾಪಾರಿ ಇರುವ ಪೇಟೆಯಲ್ಲಿ ಆತ ಅಂಗಡಿ ತೆರೆಯದಿದ್ದರೆ ಊರಿಗೇ ಸರಕಿಲ್ಲ.

ನಮ್ಮ ದೇಶದಲ್ಲಿಯೂ ಆಗ ಒಂದೇ ಅಂಗಡಿ, ದೂರದರ್ಶನ. 1885ರ ಭಾರತೀಯ ಟೆಲಿಗ್ರಾಫ್ ಕಾಯಿದೆಯ ಬಲದಿಂದ ಪ್ರಸಾರದ ಅಧಿಕಾರ ಪೂರ್ತಿಯಾಗಿ ಸರಕಾರದ ಕೈಯಲ್ಲಿತ್ತು. ಪಂದ್ಯ ತೋರಿಸುವುದು ದೂರದರ್ಶನ ಮಾಡುವ ಉಪಕಾರ. ಅದಕ್ಕಾಗಿ ಕ್ರಿಕೆಟ್ ಮಂಡಳಿಯೇ ಶುಲ್ಕ ಕೊಡಬೇಕೆಂಬ ಕಾಲವದು. ಆಟವನ್ನು ಮಾರಬಹುದು, ಕೊಳ್ಳುವವರು ಹಣ ಕೊಡುತ್ತಾರೆ ಎಂಬ ಕಲ್ಪನೆ ಮಂಡಳಿಗೆ ಗಟ್ಟಿಯಾಗಿ ಬಂದದ್ದು 1991ರಲ್ಲಿ. ಬಹಿಷ್ಕಾರದ ಅವಧಿ ಮುಗಿಸಿ ದಕ್ಷಿಣ ಆಫ್ರಿಕದ ತಂಡ ಭಾರತಕ್ಕೆ ಬಂದಾಗ, ಅವರ ದೇಶದಲ್ಲಿ ಪಂದ್ಯ ತೋರಿಸುವ ಹಕ್ಕಿನ ಬೆಲೆಯೆಷ್ಟು ಎಂದು ಆ ಕಡೆಯವರೇ ಕೇಳಿದರು. ಮನೆಯ ಹಿತ್ತಲಲ್ಲಿ ಬಿದ್ದ ಕಲ್ಲಿಗೆ ಬೆಲೆಯಿದೆಯೆಂದು ದಾರಿಹೋಕ ಹೇಳಿದ ಮೇಲೆ ಯಜಮಾನನಿಗೆ ತಿಳಿದಂತಾಯಿತು.

ಇಲ್ಲಿಂದ ಮುಂದಿನದು ಜಗಳದ ಕಥೆ. 1993ರ ನವೆಂಬರಿನಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆ ತನ್ನ ವಜ್ರಮಹೋತ್ಸವಕ್ಕಾಗಿ ಹೀರೋ ಕಪ್ ಪಂದ್ಯಾವಳಿಯನ್ನು ಏರ್ಪಡಿಸಿತು. ಪ್ರಸಾರದ ಹಕ್ಕನ್ನು ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶಿ ಸಂಸ್ಥೆಗೆ ಮಾರಿತು. ದೂರದರ್ಶನ ಸಿಟ್ಟಾಯಿತು. ಆಕಾಶಕ್ಕೆ ಚಿತ್ರ ಕಳಿಸಲು ಸರಕಾರದ ಪರವಾನಗಿ ಬೇಕು, ಅದನ್ನು ಕೊಡುವವರು ಯಾರು? ವಿದೇಶಿ ತಂಡ ತಂದ ಉಪಕರಣಗಳನ್ನು ಕಸ್ಟಮ್ಸ್ ಅಧಿಕಾರಿಗಳು ತಡೆದರು. ಅತ್ತ ಮೈದಾನದಲ್ಲಿ ಪಂದ್ಯ ನಡೆಯುತ್ತಿದೆ, ಇತ್ತ ಕಲಕತ್ತೆಯ ಹೈಕೋರ್ಟಿನಲ್ಲಿ ವಾದ, ಅಲ್ಲಿಂದ ದಿಲ್ಲಿಯ ಸರ್ವೋಚ್ಚ ನ್ಯಾಯಾಲಯಕ್ಕೆ ಓಟ. ಪಂದ್ಯ ಕಾಣುವುದೋ ಇಲ್ಲವೋ ಎಂದು ದೇಶವೇ ಕಾದು ಕುಳಿತಿತ್ತು. ನ್ಯಾಯಾಲಯದ ಮಧ್ಯಂತರ ಆದೇಶಗಳಿಂದ ಹೇಗೋ ದಾರಿಯಾಯಿತು. ನವೆಂಬರ್ 27ರಂದು ಈಡನ್ ಗಾರ್ಡನ್ಸಿನ ಅಂತಿಮ ಪಂದ್ಯದಲ್ಲಿ ನಮ್ಮ ಅನಿಲ್ ಕುಂಬ್ಳೆ ಕೇವಲ 12 ರನ್ ಕೊಟ್ಟು 6 ವಿಕೆಟ್ ಪಡೆದರು. ವೆಸ್ಟ್ ಇಂಡೀಸ್ 123ಕ್ಕೆ ಕುಸಿಯಿತು. ಭಾರತೀಯನೊಬ್ಬನ ಅತ್ಯುತ್ತಮ ಏಕದಿನ ಬೌಲಿಂಗೆಂಬ ಆ ದಾಖಲೆಯನ್ನು 2014ರ ಜೂನಿನಲ್ಲಿ ಬಾಂಗ್ಲಾದೇಶದ ವಿರುದ್ಧ 4 ರನ್ನಿಗೆ 6 ವಿಕೆಟ್ ಪಡೆದು ಮುರಿದವರೂ ಕನ್ನಡಿಗರೇ, ರೋಜರ್ ಬಿನ್ನಿಯವರ ಮಗ ಸ್ಟುವರ್ಟ್ ಬಿನ್ನಿ. ಇದು ವಿಷಯಾಂತರವೆಂದು ಬಲ್ಲೆವು; ಬಿಡಲು ಮನಸ್ಸು ಬರಲಿಲ್ಲ.

ಆ ಮೊಕದ್ದಮೆಯ ತೀರ್ಪು ಬಂದದ್ದು 1995ರ ಫೆಬ್ರವರಿ 9ರಂದು. ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್, ಎಸ್. ಮೋಹನ್ ಮತ್ತು ಬಿ.ಪಿ. ಜೀವನ್ ರೆಡ್ಡಿ ಅವರ ಪೀಠ, ಆಕಾಶದ ತರಂಗಗಳು ಸಾರ್ವಜನಿಕರ ಆಸ್ತಿ, ಸರಕಾರದ ಏಕಸ್ವಾಮ್ಯವಲ್ಲ ಎಂದು ಸಾರಿತು. ಅವುಗಳ ಬಳಕೆಯನ್ನು ಜನಹಿತದ ದೃಷ್ಟಿಯಿಂದ ನಿಯಂತ್ರಿಸಲು ಸ್ವತಂತ್ರವಾದ ಸಾರ್ವಜನಿಕ ಪ್ರಾಧಿಕಾರವಿರಬೇಕು ಎಂದೂ ಹೇಳಿತು. ಒಂದು ಕ್ರಿಕೆಟ್ ಪಂದ್ಯಾವಳಿಯ ಜಗಳದಿಂದ ಇಷ್ಟು ದೊಡ್ಡ ಮಾತು ಹೊರಟಿತೆಂಬುದು ಸೋಜಿಗ. ಸಾರ್ವಜನಿಕರ ಆಸ್ತಿ ಎಂಬ ಮಾತಿನ ಮೊದಲರ್ಧವನ್ನು ಎಲ್ಲರೂ ಹಿಡಿದುಕೊಂಡರು. ಸರಕಾರದ ಕೈ ಸಡಿಲವಾಯಿತು, ಖಾಸಗಿ ವಾಹಿನಿಗಳು ಸಾಲುಗಟ್ಟಿ ಬಂದವು. ಜನರ ಆಸ್ತಿಯಾದ ಮೇಲೆ ಜನರಿಗೆ ಸಲ್ಲುವ ಪಾಲೇನು ಎಂಬ ಉಳಿದರ್ಧ ಇಂದಿಗೂ ಇತ್ಯರ್ಥವಾಗದೆ ನಿಂತಿದೆ.

1996ರ ವಿಶ್ವಕಪ್ಪಿನ ಪ್ರಸಾರದ ಹಕ್ಕನ್ನು ಕೊಂಡು ಕ್ರಿಕೆಟಿನ ವ್ಯಾಪಾರಕ್ಕೆ ಹೊಸ ಅಳತೆಗೋಲು ಇಟ್ಟವರು ಬೆಂಗಳೂರಿನಲ್ಲಿ ಬೆಳೆದು ವಿದೇಶಕ್ಕೆ ಹೋದ ಮಾರ್ಕ್ ಮಸ್ಕರೇನ್ಹಸ್, ಅವರ ವರ್ಲ್ಡ್‌ಟೆಲ್ ಸಂಸ್ಥೆಯ ಮೂಲಕ. ಆ ವರ್ಷ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಭಾರತ ಪಾಕಿಸ್ತಾನಗಳ ಕ್ವಾರ್ಟರ್ ಫೈನಲ್ ನಡೆದಾಗ ನಮ್ಮ ಓಣಿಯಲ್ಲಿ ಆದದ್ದನ್ನು ಹೇಳದಿರಲಾಗದು. ಪಾಕಿಸ್ತಾನದ ಆರಂಭಿಕರು ಚಚ್ಚಿ ಬಾರಿಸುತ್ತಿದ್ದಾಗ ಕರೆಂಟು ಹೋಯಿತು. ಕೇಬಲ್ಲಿಗಾಗಿ ತಿಂಗಳ ಮೊದಲೇ ಹಣ ಕಟ್ಟಿದವರೆಲ್ಲ ಬೀದಿಗೆ ಬಂದರು. ಒಬ್ಬರ ಮನೆಯಲ್ಲಿ ಸಣ್ಣ ಕಪ್ಪು ಬಿಳುಪು ಟಿ.ವಿ. ಇತ್ತು. ಇನ್ನೊಬ್ಬರು ತಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದರು. ಆ್ಯಂಟೆನಾ ಹಿಡಿದು ಮಾಳಿಗೆಯ ಮೇಲೆ ನಿಂತ ಹುಡುಗ ಆಟ ನೋಡಲೇ ಇಲ್ಲ, ಕೆಳಗಿನವರ ಕೂಗಿನಿಂದಲೇ ವೆಂಕಟೇಶ ಪ್ರಸಾದರು ಅಮೀರ್ ಸೊಹೈಲರ ಸ್ಟಂಪು ಹಾರಿಸಿದ್ದನ್ನು ತಿಳಿದುಕೊಂಡ. ಆ ಹುಡುಗನಿಗೆ ಇಂದು ಮದುವೆಯ ವಯಸ್ಸಿನ ಮಗಳಿದ್ದಾಳೆ. ಈಗಲೂ ಅದನ್ನು ಹೇಳಿ ನಗುತ್ತಾನೆ.

ಮತ್ತೊಮ್ಮೆ ಜನರ ಪಾಲಿನ ಪ್ರಶ್ನೆ ಎದ್ದದ್ದು 2004ರ ಬೇಸಿಗೆಯಲ್ಲಿ. ಬಹಳ ವರ್ಷಗಳ ಬಳಿಕ ಭಾರತ ತಂಡ ಪಾಕಿಸ್ತಾನದ ಪೂರ್ಣ ಪ್ರವಾಸಕ್ಕೆ ಹೊರಟಿತ್ತು. ಪ್ರಸಾರದ ಹಕ್ಕು ದುಬೈಯಿಂದ ನಡೆಯುವ ಟೆನ್ ಸ್ಪೋರ್ಟ್ಸ್ ವಾಹಿನಿಯದು. ಕೇಬಲ್ಲಿಲ್ಲದ ಕೋಟಿಗಟ್ಟಲೆ ಮನೆಗಳು ಏನು ಮಾಡಬೇಕು? ವಿವಾದ ಮದ್ರಾಸ್ ಹೈಕೋರ್ಟಿನಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಟೆನ್ ಸ್ಪೋರ್ಟ್ಸ್ ತನ್ನ ಗುರುತು, ತನ್ನ ಜಾಹೀರಾತುಗಳ ಸಮೇತ ಚಿತ್ರವನ್ನು ದೂರದರ್ಶನಕ್ಕೆ ಕೊಡಬೇಕು, ದೂರದರ್ಶನ 50 ಕೋಟಿ ರೂಪಾಯಿ ಠೇವಣಿ ಇಡಬೇಕು ಎಂದು ಆದೇಶವಾಯಿತು. ಹೀಗಾಗಿ ರಾವಲ್ಪಿಂಡಿಯಲ್ಲಿ ರಾಹುಲ್ ದ್ರಾವಿಡರು ತಾಳ್ಮೆಯಿಂದ ಕಟ್ಟಿದ 270 ರನ್ನುಗಳನ್ನು ಹಳ್ಳಿಗಳ ಮನೆಗಳೂ ಕಂಡವು.

ಇದರ ಬೆನ್ನಲ್ಲೇ 2007ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು. ರಾಷ್ಟ್ರೀಯ ಮಹತ್ವದ್ದೆಂದು ಸಾರಿದ ಪಂದ್ಯಗಳ ಚಿತ್ರವನ್ನು ಹಕ್ಕು ಕೊಂಡವರು ಪ್ರಸಾರ ಭಾರತಿಗೆ ಕಡ್ಡಾಯವಾಗಿ ಹಂಚಬೇಕು. ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 75 ಹಕ್ಕುದಾರರಿಗೆ, 25 ಪ್ರಸಾರ ಭಾರತಿಗೆ. 2011ರ ಏಪ್ರಿಲ್ 2ರಂದು ಮುಂಬಯಿಯಲ್ಲಿ ಧೋನಿ ಸಿಕ್ಸರ್ ಬಾರಿಸಿ ವಿಶ್ವಕಪ್ ಗೆದ್ದುದನ್ನು ಕಮಲಾಪುರದ ನಮ್ಮ ಬಂಧುಗಳೊಬ್ಬರು ಕೆಂಪು ಬಾಳೆಯ ತೋಟದಿಂದ ಬಂದು, ಒಂದು ಪೈಸೆ ಕೊಡದೆ, ಮನೆಯ ಮೇಲಿನ ಉಚಿತ ಡಿಶ್ಶಿನಲ್ಲಿ ನೋಡಿದರು.

ಆದರೆ ಈ ಕಾಯಿದೆಯಲ್ಲಿಯೂ ತಿರುವುಗಳಿವೆ. 2017ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಹೀಗೆ ಹಂಚಿದ ಚಿತ್ರ ದೂರದರ್ಶನದ ಸ್ವಂತ ಗೋಪುರಗಳಿಂದ ಮತ್ತು ಅದರ ಉಚಿತ ಡಿಶ್ಶಿನಿಂದ ಮಾತ್ರ ಹೋಗಬೇಕು, ಖಾಸಗಿ ಕೇಬಲ್ಲಿನವರು ಅದನ್ನು ಬಳಸುವಂತಿಲ್ಲ ಎಂದಿತು. ಫಲವೇನೆಂದರೆ, ಭಾರತ ತಂಡ ಆಡುವಾಗ ಕಮಲಾಪುರದ ತೋಟದ ಮನೆಯಲ್ಲಿ ಪುಕ್ಕಟೆ ಕಾಣುವ ಪಂದ್ಯ, ತಿಂಗಳು ತಿಂಗಳು ಹಣ ಕಟ್ಟುವ ಬ್ರಹ್ಮಪುರದ ಮನೆಯ ಅದೇ ದೂರದರ್ಶನ ವಾಹಿನಿಯಲ್ಲಿ ಕಾಣದು. ನಮ್ಮ ಹಿರಿಯರೊಬ್ಬರು ರಿಮೋಟನ್ನು ಅತ್ತಿತ್ತ ಕುಟ್ಟಿ ನೋಡಿದರೇ ಹೊರತು ಈ ನ್ಯಾಯದ ಸೂಕ್ಷ್ಮವನ್ನು ಒಪ್ಪಲಿಲ್ಲ.

ಎರಡನೆಯ ತಿರುವು ಇನ್ನೂ ದೊಡ್ಡದು. ದೇಶದ ತಂಡ ಆಡಿದರೆ ಅದು ರಾಷ್ಟ್ರೀಯ ಮಹತ್ವ. ಬೇಸಿಗೆಯುದ್ದಕ್ಕೂ ದೇಶವೇ ನೋಡುವ ಐಪಿಎಲ್ ಆ ಪಟ್ಟಿಯಲ್ಲಿಲ್ಲ. ಅದು ಖಾಸಗಿ ತಂಡಗಳ ಆಟ, ಆದ್ದರಿಂದ ಪೂರ್ತಿ ಮಾರಾಟದ ಸರಕು.

2008ರ ಜನವರಿಯಲ್ಲಿ ಸೋನಿ ಮತ್ತು ವರ್ಲ್ಡ್ ಸ್ಪೋರ್ಟ್ಸ್ ಗ್ರೂಪ್ ಸೇರಿ ಹತ್ತು ವರ್ಷಗಳಿಗೆ ನೂರು ಕೋಟಿ ಡಾಲರಿಗೂ ಮಿಕ್ಕ ಬೆಲೆಗೆ ಹಕ್ಕು ಹಿಡಿದರು. ಮೊದಲ ಪಂದ್ಯ ನಡೆದದ್ದು ಏಪ್ರಿಲ್ 18ರಂದು ಬೆಂಗಳೂರಿನಲ್ಲಿಯೇ. ಮೆಕಲಮ್ ಔಟಾಗದೆ 158 ಬಾರಿಸಿದರು, ಬೆಂಗಳೂರು ತಂಡ 140 ರನ್ನುಗಳಿಂದ ಸೋತಿತು. ಇವರಿಗೆ ಏಪ್ರಿಲ್ ಮೇ ತಿಂಗಳೇ ಏಕೆ ಬೇಕಾಯಿತು ಎಂದು ಕೇಳುವವರುಂಟು. ಅಂತರರಾಷ್ಟ್ರೀಯ ಪಂದ್ಯಗಳು ವಿರಳವಾಗಿರುವ ಕಾಲ, ಮಕ್ಕಳಿಗೆ ರಜೆ, ಸೆಕೆಗೆ ಮನೆಯವರೆಲ್ಲ ಸಂಜೆ ಒಂದೆಡೆ ಕೂಡುವ ಹೊತ್ತು, ಮೇಲಾಗಿ ತಂಪು ಪಾನೀಯ, ಫ್ಯಾನು, ಕೂಲರು, ಏಸಿ ಮಾರುವವರಿಗೆ ಸುಗ್ಗಿ. ವಾಹಿನಿಯವರು ಕೊಳ್ಳುವುದು ಆಟವನ್ನಲ್ಲ, ಆ ಹೊತ್ತಿನಲ್ಲಿ ಪರದೆಯ ಮುಂದೆ ಕೂಡಿರುವ ನಮ್ಮನ್ನು; ನಮ್ಮನ್ನು ಜಾಹೀರಾತಿನವರಿಗೆ ಮಾರುತ್ತಾರೆ. ಬೇಸಿಗೆಯ ಇನ್ನೊಂದು ಮುಖವೂ ಉಂಟು. 2016ರ ಏಪ್ರಿಲಿನಲ್ಲಿ ನಮ್ಮ ನೆರೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದ ವರ್ಷ, ಮೈದಾನಗಳಿಗೆ ಸುರಿಯುವ ನೀರಿನ ಪ್ರಶ್ನೆ ಮುಂಬಯಿ ಹೈಕೋರ್ಟಿಗೆ ಹೋಗಿ, ಆ ತಿಂಗಳು 30ರ ನಂತರದ ಪಂದ್ಯಗಳು ಮಹಾರಾಷ್ಟ್ರದಿಂದ ಹೊರಗೆ ಹೋಗಬೇಕಾಯಿತು.

ಇನ್ನು ಸವಾಲಿನ ಮಾತು. ನಮ್ಮ ಗಂಜಿನಲ್ಲಿ ತೊಗರಿ ಮಾರಿದ ಅನುಭವವುಳ್ಳ ಓದುಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ರಾಶಿ ಸುರಿದಿದೆ. ಕೆಲವರು ಒಂದು ಗುಡ್ಡೆಗೆ ಮಾತ್ರ ಬೆಲೆ ಕಟ್ಟುತ್ತಾರೆ. ಇನ್ನೊಬ್ಬ ದೊಡ್ಡ ಖರೀದಿದಾರ ಬಂದು ಎಲ್ಲ ರಾಶಿಯನ್ನೂ ನಾನೇ ಎತ್ತುತ್ತೇನೆ, ಬಿಡಿಬಿಡಿ ಬೆಲೆಗಳ ಮೊತ್ತಕ್ಕಿಂತ ಹೆಚ್ಚು ಕೊಡುತ್ತೇನೆ ಎನ್ನುತ್ತಾನೆ. 2017ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಮುಚ್ಚಿದ ಲಕೋಟೆಗಳನ್ನು ಒಡೆದಾಗ ಆದದ್ದು ಇದೇ. ಟಿ.ವಿ., ಮೊಬೈಲು, ವಿದೇಶಗಳು ಎಂದು ಹಲವು ಗುಡ್ಡೆಗಳಿದ್ದವು. ಭಾರತದ ಮೊಬೈಲ್ ಹಕ್ಕೊಂದಕ್ಕೇ ಫೇಸ್‌ಬುಕ್ 3,900 ಕೋಟಿ ರೂಪಾಯಿ ಬರೆದಿತ್ತು. ಬಿಡಿಯಾಗಿ ಬಂದ ಅತಿ ಹೆಚ್ಚಿನ ಬೆಲೆಗಳನ್ನೆಲ್ಲ ಕೂಡಿದರೆ 15,819 ಕೋಟಿ ಚಿಲ್ಲರೆ ಆಗುತ್ತಿತ್ತು. ಎಲ್ಲಕ್ಕೂ ಸೇರಿಸಿ ಸ್ಟಾರ್ ಇಂಡಿಯಾ ಬರೆದದ್ದು 16,347.5 ಕೋಟಿ. ಐದು ವರ್ಷದ ರಾಶಿ ಅವರ ಪಾಲಾಯಿತು. ಟಿ.ವಿ.ಯಲ್ಲಿ ಇದ್ದ ಸೋನಿ ಹೊರಗೆ ನಿಂತಿತು.

ಮುಂದಿನ ಬಾರಿ ಮಂಡಳಿ ಜಾಣತನ ಮಾಡಿತು. ಇಡೀ ರಾಶಿಯನ್ನು ಒಬ್ಬರೇ ಎತ್ತುವ ಅವಕಾಶವನ್ನು ತೆಗೆದುಹಾಕಿತು. 2022ರ ಜೂನ್ 12ರಿಂದ 14ರವರೆಗೆ ಮೂರು ದಿನ, ಈಗ ನಮ್ಮ ಗಂಜಿನಲ್ಲಿಯೂ ರೂಢಿಯಾಗಿರುವ ಆನ್‌ಲೈನ್ ರೀತಿಯಲ್ಲಿ, ಸವಾಲು ನಡೆಯಿತು. ಭಾರತ ಉಪಖಂಡದ ಟಿ.ವಿ. ಹಕ್ಕು ಡಿಸ್ನಿ ಸ್ಟಾರಿಗೆ 23,575 ಕೋಟಿಗೆ, ಮೊಬೈಲಿನ ಹಕ್ಕು ರಿಲಯನ್ಸ್ ಬಳಗದ ವಯಾಕಾಮ್18 ಸಂಸ್ಥೆಗೆ 20,500 ಕೋಟಿಗೆ. ಉಳಿದ ಗುಡ್ಡೆಗಳೂ ಸೇರಿ ಒಟ್ಟು 48,390 ಕೋಟಿ ರೂಪಾಯಿ, 2023ರಿಂದ 2027ರವರೆಗಿನ 410 ಪಂದ್ಯಗಳಿಗೆ. ಪಂದ್ಯವೊಂದಕ್ಕೆ ಸುಮಾರು 118 ಕೋಟಿ. ಎರಡೂ ಕಡೆಯ ಪೂರ್ತಿ ಓವರುಗಳು ಸೇರಿ 240 ಚೆಂಡುಗಳೆಂದು ಹಿಡಿದರೆ ಚೆಂಡೊಂದಕ್ಕೆ ಸುಮಾರು 49 ಲಕ್ಷ ರೂಪಾಯಿ. ಬೌಲರನು ಓಡಿ ಬಂದು ಕೈ ಬೀಸುವಷ್ಟರಲ್ಲಿ ನಮ್ಮ ಊರಿನಲ್ಲಿ ಒಂದು ಒಳ್ಳೆಯ ಮನೆ ಕಟ್ಟುವಷ್ಟು ಹಣ ಸರಿದುಹೋಗುತ್ತದೆ.

ಈ ಪೈಪೋಟಿಯಿಂದ ನೋಡುಗರಿಗೆ ಒಳಿತೇ ಆಗಲಿಲ್ಲವೆಂದು ನಾವು ಹೇಳುವುದಿಲ್ಲ. ಕನ್ನಡದಲ್ಲಿ ವೀಕ್ಷಕ ವಿವರಣೆ ಬಂತು. ಹಿಂದಿ, ಇಂಗ್ಲಿಷಿನ ನಡುವೆ ಅರ್ಧ ತಿಳಿದು ಅರ್ಧ ಊಹಿಸುತ್ತಿದ್ದ ನಮ್ಮ ತಾಯಂದಿರೂ ಹಿರಿಯರೂ ಈಗ ವಿಜಯ್ ಭಾರದ್ವಾಜರಂತಹ ಮಾಜಿ ಆಟಗಾರರು ತಮ್ಮ ನುಡಿಯಲ್ಲಿ ಆಟ ಬಿಡಿಸಿ ಹೇಳುವುದನ್ನು ಕೇಳುತ್ತಾರೆ. ಜನ ಹೆಚ್ಚು ಸೇರಲೆಂದೇ ವಾಹಿನಿಯವರು ಇದನ್ನು ಮಾಡಿದರು, ನಿಜ. ಮಾಡಿದ್ದು ನಮಗೆ ಒದಗಿತು. 2023ರಲ್ಲಿ ಸ್ಪರ್ಧೆಯ ಬಿಸಿಯಲ್ಲಿ ಜಿಯೋಸಿನಿಮಾ ಇಡೀ ಐಪಿಎಲ್ಲನ್ನು ಮೊಬೈಲಿನಲ್ಲಿ ಉಚಿತವಾಗಿ ತೋರಿಸಿತು. ಆ ವರ್ಷದ ಅಂತಿಮ ಪಂದ್ಯವನ್ನು ಒಂದೇ ಹೊತ್ತಿನಲ್ಲಿ 3.2 ಕೋಟಿ ಮಂದಿ ನೋಡಿದರೆಂದು ಲೆಕ್ಕ. ಅದೇ ವರ್ಷದ ಜನವರಿಯಲ್ಲಿ ಮಹಿಳೆಯರ ಲೀಗಿನ ಐದು ವರ್ಷದ ಹಕ್ಕು 951 ಕೋಟಿಗೆ ಹೋಯಿತು. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರಲ್ಲಿ ಇಂಗ್ಲೆಂಡಿನ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದರು. ಆ ಪಂದ್ಯಾವಳಿಯ ಎಲ್ಲ ಆಟಗಳೂ ಟಿ.ವಿ.ಯಲ್ಲಿ ಬರಲಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಹೆಣ್ಣುಮಕ್ಕಳ ತಂಡ ಕಪ್ ಗೆದ್ದಾಗ, ಶ್ರೇಯಾಂಕಾ ಪಾಟೀಲ ಅಂತಿಮ ಪಂದ್ಯದಲ್ಲಿ 4 ವಿಕೆಟ್ ಕಿತ್ತದ್ದನ್ನು ನಮ್ಮ ಮನೆಯ ಹುಡುಗಿಯರು ಕುಣಿದು ನೋಡಿದರು.

ಉಚಿತವೆಂಬುದು ಎರಡು ಅಂಗಡಿಗಳ ನಡುವೆ ಜಗಳವಿರುವವರೆಗೆ ಮಾತ್ರ. 2024ರ ನವೆಂಬರ್ 14ರಂದು ರಿಲಯನ್ಸ್ ಮತ್ತು ಡಿಸ್ನಿಯ ಭಾರತೀಯ ವ್ಯವಹಾರಗಳು ಕೂಡಿ ಜಿಯೋಸ್ಟಾರ್ ಎಂಬ ಒಂದೇ ಮನೆಯಾದವು. ಮಂಡಳಿ ಜಾಣತನದಿಂದ ಎರಡಾಗಿ ಒಡೆದ ರಾಶಿ ಹಿಂಬಾಗಿಲಿನಿಂದ ಮತ್ತೆ ಒಂದೇ ಗೋದಾಮಿಗೆ ಬಂದು ಬಿತ್ತು. 2025ರ ಫೆಬ್ರವರಿಯಲ್ಲಿ ಎರಡು ಆ್ಯಪುಗಳು ಸೇರಿ ಜಿಯೋಹಾಟ್‌ಸ್ಟಾರ್ ಆಯಿತು; ಸ್ವಲ್ಪ ಹೊತ್ತು ಉಚಿತ, ಆಮೇಲೆ ಚಂದಾ. ಪೇಟೆಯ ನೀತಿ ಬಲ್ಲ ಗಂಜಿನ ವ್ಯಾಪಾರಿಯೊಬ್ಬರು ಇದನ್ನು ಕೇಳಿ, "ಇದ್ರಾಗ ಹೊಸಾದ್ದೇನು ಐತ್ರೀ? ಖರೀದಿದಾರರು ಒಳಗ ಕೂಡಿಕೊಂಡ್ರ ರೇಟು ಅವರದೇ" ಎಂದರು.

ಕ್ರಿಕೆಟಿಗಾಗಿ ಹೀಗೆ ಬಡಿದಾಡುವವರು ಉಳಿದ ಆಟಗಳತ್ತ ಅಷ್ಟು ಧಾವಿಸಲಿಲ್ಲ. ನಮ್ಮ ಮಣ್ಣಿನ ಕಬಡ್ಡಿಗೆ 2014ರ ಜುಲೈಯಲ್ಲಿ ಪ್ರೊ ಕಬಡ್ಡಿಯಿಂದ ಹೊಸ ಜೀವ ಬಂದದ್ದು ಸಂತೋಷದ ಮಾತು. ಆದರೆ ಅಲ್ಲಿ ಲೀಗಿನ ಒಡೆತನದಲ್ಲಿ ಪಾಲುಳ್ಳ ಸ್ಟಾರ್ ಸಂಸ್ಥೆಯೇ 2021ರಲ್ಲಿ 908 ಕೋಟಿಗೆ ಐದು ವರ್ಷದ ಪ್ರಸಾರವನ್ನೂ ಹಿಡಿಯಿತು. ಜಾತ್ರೆಯ ಕುಸ್ತಿ ಕಣಕ್ಕೆ ಯಾವ ಕ್ಯಾಮರಾವೂ ಬರುವುದಿಲ್ಲ. ಅಲ್ಲಿ ಇಂದಿಗೂ ಬೆಳ್ಳಿ ಕಡಗ ಮತ್ತು ಊರವರ ಚಪ್ಪಾಳೆ. ನಮ್ಮ ಊರಿನ ಹೆಸರಿಗೂ ಟಿ.ವಿ.ಯ ಭಾಗ್ಯ ಬಂದದ್ದುಂಟು. 2022ರ ಮಹಾರಾಜ ಟ್ರೋಫಿಯನ್ನು ಮನೀಷ್ ಪಾಂಡೆ ನಾಯಕತ್ವದ ಗುಲಬರ್ಗಾ ಮಿಸ್ಟಿಕ್ಸ್ ತಂಡ ಗೆದ್ದಿತು. ಪಂದ್ಯಗಳು ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ನಮ್ಮ ಹೆಸರು ಹೊತ್ತ ತಂಡವನ್ನು ನಾವೂ ಪರದೆಯ ಮೇಲೆಯೇ ನೋಡಿ ಹೆಮ್ಮೆಪಟ್ಟೆವು. ಊರು 2014ರಲ್ಲೇ ಕಲಬುರಗಿಯಾಗಿತ್ತು, ತಂಡಕ್ಕೆ ಇನ್ನೂ ಗುಲಬರ್ಗಾ!

ಇಷ್ಟೆಲ್ಲ ಕೋಟಿಗಳ ಮಾತಿನಲ್ಲಿ ಮನೆಯೊಳಗಿನ ಮಾತು ಮರೆಯಾಗಬಾರದು. ಮೊದಲು ರಾತ್ರಿ 8ಕ್ಕೆ ಆರಂಭವಾಗುತ್ತಿದ್ದ ಪಂದ್ಯ 2020ರಿಂದ 7.30ಕ್ಕೆ ಬಂತು. ಅದು ಹಲವು ಮನೆಗಳಲ್ಲಿ ಸಂಜೆಯ ಇಷ್ಟಲಿಂಗ ಪೂಜೆಯ ಹೊತ್ತು, ಪ್ರಸಾದದ ಹೊತ್ತು. ಬ್ರಹ್ಮಪುರದ ಒಂದು ಕೂಡು ಕುಟುಂಬದಲ್ಲಿ ಹಿರಿಯರು ಇದಕ್ಕೆ ಜಗಳವಿಲ್ಲದ ದಾರಿ ಕಂಡುಕೊಂಡಿದ್ದಾರೆ. ಪೂಜೆ ಅರ್ಧ ಗಂಟೆ ಮುಂಚೆ ಬಂದಿದೆ. ಪ್ರಸಾದಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ, ಆ ಹೊತ್ತಿನಲ್ಲಿ ಕೊಹ್ಲಿ ನೂರು ಬಾರಿಸಿದರೂ ಟಿ.ವಿ. ಇಲ್ಲ. ಅದೇ ಮನೆಯಲ್ಲಿ ಈಗ ಒಂದೇ ಚಂದಾ. ಹಿಂದಿನ ವರ್ಷ ಮೂವರು ಸೊಸೆಯಂದಿರ ಕೋಣೆಗಳಲ್ಲಿ ಮೂರು ಮೊಬೈಲಿಗೆ ಮೂರು ಚಂದಾ ಹೋದದ್ದು ಯುಗಾದಿಯ ಲೆಕ್ಕದಲ್ಲಿ ಬಯಲಾಯಿತಂತೆ. ಸ್ಟಾರ್ ಸ್ಪೋರ್ಟ್ಸ್ ಕನ್ನಡ ವಾಹಿನಿಯನ್ನು ಮಾತ್ರ ಬಿಡಿಯಾಗಿ ಆರಿಸಿಕೊಳ್ಳಬಹುದು, ಇಡೀ ಗುಂಪನ್ನೇ ಕೊಳ್ಳಬೇಕಿಲ್ಲ ಎಂಬ ನಿಯಮ 2019ರಿಂದ ಇದ್ದರೂ ಬಹಳ ಮನೆಗಳಿಗೆ ಅದು ತಿಳಿದಿಲ್ಲ. ಕೇಬಲ್ಲಿನವರನ್ನು ಕೇಳಿ ಪಡೆಯಬೇಕು.

ಇದಕ್ಕಿಂತ ಘೋರವಾದದ್ದು ಜೂಜು. ದುಬಾರಿ ಹಕ್ಕು ಕೊಂಡವರು ಜಾಹೀರಾತು ಯಾರದೆಂದು ಹೆಚ್ಚು ವಿಚಾರಿಸಲಿಲ್ಲ. 2020ರಲ್ಲಿ ಐಪಿಎಲ್ಲಿನ ಹೆಸರೇ ತಂಡ ಕಟ್ಟಿ ಹಣ ಹೂಡುವ ಡ್ರೀಮ್11 ಆ್ಯಪಿಗೆ 222 ಕೋಟಿಗೆ ಹೋಗಿತ್ತು. ಮೊದಲು 49 ರೂಪಾಯಿ, ಆಮೇಲೆ ಅಪ್ಪನ ಫೋನಿನ ಗುಪ್ತಸಂಖ್ಯೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ಕಾಲೇಜಿಗೆ ಕಟ್ಟಬೇಕಿದ್ದ ಫೀಸು ಎರಡು ವಾರಗಳ ಪಂದ್ಯಗಳಲ್ಲಿ ಕರಗಿತು. ತಾಯಿ ತನ್ನ ಬಂಗಾರದ ಬಳೆ ಒತ್ತೆಯಿಟ್ಟು ತುಂಬಿದಳು, ತಂದೆಗೆ ಇಂದಿಗೂ ಗೊತ್ತಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಹೂಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತುಗಳನ್ನೂ ನಿಷೇಧಿಸಿ ಕಾಯಿದೆ ಮಾಡಿತು. ತಡವಾಗಿಯಾದರೂ ಆಯಿತು. ಆದರೆ ಓಣಿಯ ಮೂಲೆಯಲ್ಲಿ ಚೀಟಿ ಬರೆಯುವವನಿಗೆ ಆ್ಯಪು ಬೇಕಿಲ್ಲ. ಅವನ ಮೇಲೆ ಕಣ್ಣಿಡಬೇಕಾದವರು ಪೊಲೀಸರು ಮಾತ್ರವಲ್ಲ.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು ತಂಡ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ, ಹದಿನೇಳು ಬೇಸಿಗೆಗಳು ಕಾದ ಬಳಿಕ, ಕಪ್ ಎತ್ತಿತು. ಮರುದಿನ ಬೆಂಗಳೂರಿನ ಕ್ರೀಡಾಂಗಣದ ಬಾಗಿಲಲ್ಲಿ ನೂಕುನುಗ್ಗಲಿಗೆ ಸಿಕ್ಕು 11 ಜನ ಸತ್ತರು. ಪರದೆಯ ಮೇಲೆ ಕಂಡದ್ದನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಹೋದವರು ಅವರು.

ಆ ಜೂನ್ 3ರ ರಾತ್ರಿ ನಾವು ಕಮಲಾಪುರದ ಬಂಧುಗಳ ಮನೆಯಲ್ಲಿದ್ದೆವು. 2011ರಲ್ಲಿ ವಿಶ್ವಕಪ್ ತೋರಿಸಿದ ಅದೇ ಉಚಿತ ಡಿಶ್ ಮಾಳಿಗೆಯ ಮೇಲೆಯೇ ಇತ್ತು, ದೂರದರ್ಶನದಲ್ಲಿ ಪಂದ್ಯವಿರಲಿಲ್ಲ. ಮೊಮ್ಮಗ ಮೊಬೈಲು ತಂದು ತಂಬಿಗೆಗೆ ಒರಗಿಸಿ ನಿಲ್ಲಿಸಿದ. ಕೆಲ ಹೊತ್ತಿನಲ್ಲಿ ಚಿತ್ರ ನಿಂತಿತು.

"ಮುತ್ಯಾ, ಇದಕ್ಕ ರೊಕ್ಕ ಕಟ್ಟಬೇಕಂತ."

"ಫೋನಿಗಿ ಮೊನ್ನೆ ಕಟ್ಟೀನಲ್ಲೋ?"

"ಅದು ಬ್ಯಾರೆ ಮುತ್ಯಾ, ಇದು ಬ್ಯಾರೆ."

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೊಂಟದ ಚೀಲದಿಂದ ನೋಟು ತೆಗೆದು ಪಕ್ಕದ ಮನೆಯ ಹುಡುಗನ ಕೈಗಿತ್ತರು. ಆತ ತನ್ನ ಫೋನಿನಿಂದ ಹಣ ಕಟ್ಟಿದ, ಚಿತ್ರ ಬಂತು. ಅಂಗಳದಲ್ಲಿ ಹನ್ನೆರಡು ಜನ, ಅಂಗೈಯಗಲದ ಪರದೆ. ಹಿಂದೆ ಕುಳಿತವರಿಗೆ ಚೆಂಡು ಕಾಣುವ ಮಾತೇ ಇಲ್ಲ. ಹಿರಿಯರ ಕಣ್ಣೂ ಮಂಜಾಗಿದೆ. ಅವರು ಮೊಮ್ಮಗನನ್ನು ಕರೆದು ಕನ್ನಡದ ಧ್ವನಿ ಹಚ್ಚಲು ಹೇಳಿದರು, ಸದ್ದು ಪೂರ್ತಿ ಏರಿಸಲು ಹೇಳಿದರು, ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ 1983ರಲ್ಲಿ ರೇಡಿಯೊ ಕೇಳಿದಂತೆಯೇ ಕೊನೆಯ ಓವರಿನವರೆಗೂ ಕೇಳಿದರು.